ಕೇಳಿಸಿಕೊಂಡವರು ಯಾರು?

ಬೆಂಗಳೂರಿನಲ್ಲಿ ಕೂತು ಜಕಾರ್ತದ ಜನರಿಗೆ ಪೇಮೆಂಟ್ ಆ್ಯಪ್ ಕಟ್ಟುವ ತಂಡದಲ್ಲಿ ನನ್ನದು ಯೂಸರ್ ರಿಸರ್ಚ್ ಕೆಲಸ. ಅಲ್ಲಿನ ಭಾಷೆ ನನಗೆ ಬಾರದು. ಹಾಗೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬಾಯಿಬಿಟ್ಟು ಹೇಳಲಾಗದ ಸಂಗತಿ ಬೇರೆಯದು: ಭಾಷೆ ಬಾರದ ಊರಲ್ಲೂ ಮಾತುಕತೆಯ ಲಗಾಮು ನನ್ನ ಕೈಯಲ್ಲೇ ಇರಬೇಕೆಂಬ ಹಟ.

ತೊಡಕಿಗೆ ಉಪಾಯಗಳೇನೋ ಇವೆ. ಮಾತು ನಿಂತ ಮೇಲೆ ದುಭಾಷಿ ಅನುವಾದಿಸುವುದಾದರೆ ಒಂದು ಗಂಟೆಯಲ್ಲಿ ಅರ್ಧ ಗಂಟೆಯ ಸರಕು ಸಿಕ್ಕೀತು. ಜೊತೆಜೊತೆಗೇ ಆಗಬೇಕೆಂದರೆ ಇಬ್ಬರು ದುಭಾಷಿಗಳು ಬೇಕು, 20–30 ನಿಮಿಷಕ್ಕೊಮ್ಮೆ ಪಾಳಿ ಬದಲಿಸಬೇಕು. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತಂದು ಹೋಲಿಸುವ ಪದ್ಧತಿಯನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ 1970ರಲ್ಲೇ ವಿವರಿಸಿದ್ದಾರೆ. ಇವೆಲ್ಲ ನನಗಿಷ್ಟ. ಯಾಕೆಂದರೆ ಇವುಗಳಲ್ಲಿ ಪ್ರಶ್ನೆ ನನ್ನದಾಗಿಯೇ ಉಳಿಯುತ್ತದೆ.

ಮಾತುಕತೆ ನಡೆಸುವ ಸ್ಥಳೀಯ ಮಾಡರೇಟರ್ ಕೈಗೆ ಎಲ್ಲವನ್ನೂ ಒಪ್ಪಿಸಿ, ದುಭಾಷಿಯ ಅನುವಾದ ಕೇಳಲು ಇಯರ್‌ಫೋನ್ ಸಿಕ್ಕಿಸಿಕೊಂಡು ಸುಮ್ಮನೆ ಕೂರುವುದು ಮಾತ್ರ ಕಷ್ಟ. ಜಕಾರ್ತದ ಒಂದು ಗಲ್ಲಿಯ ಗೂಡಂಗಡಿಯಲ್ಲಿ ಒಮ್ಮೆ ಹಾಗೆ ಕೂತಿದ್ದೆ. ತೂಗುಬಿಟ್ಟ ಕಾಫಿ ಸ್ಯಾಷೆಗಳ ಕೆಳಗೆ ಕ್ಯೂಆರ್ ಫಲಕ. ಆ್ಯಪ್ ಹೇಗಿದೆ ಎಂದರೆ ಅಂಗಡಿಯಾಕೆ ಚೆನ್ನಾಗಿದೆ ಎಂದರು. ಮಾಡರೇಟರ್ ನನ್ನ ಪ್ರಶ್ನಾವಳಿಯನ್ನು ಬ್ಯಾಗಿಗೆ ಸೇರಿಸಿ, ಒಂದು ಕಾಫಿ ಹೇಳಿ, ಡಬ್ಬಿಯ ಪಕ್ಕದಲ್ಲಿದ್ದ ನೋಟ್‌ಬುಕ್ ಏನದು ಎಂದು ಕೇಳಿದಳು. ಪ್ರತಿ ಪೇಮೆಂಟನ್ನೂ ಆಕೆ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದರು. ದುಡ್ಡು ಖಾತೆಗೆ ಬಂದದ್ದು ಖಾತ್ರಿಯಾದ ಮೇಲೆ ಮುಂದೊಂದು ಗೆರೆ. ಕೆಲವು ಸಾಲುಗಳ ಮುಂದೆ ಗೆರೆ ಇರಲಿಲ್ಲ. ಇಬ್ಬರದೂ ಮಧ್ಯ ಜಾವಾ. ಮಾತು ಜಾವಾ ಭಾಷೆಗೆ ಹೊರಳಿತು. 700ಕ್ಕೂ ಹೆಚ್ಚು ಭಾಷೆಗಳ ದೇಶದಲ್ಲಿ ದುಭಾಷಿಗೂ ಎಲ್ಲವೂ ಬರಬೇಕೆಂದೇನಿಲ್ಲ. ಇಯರ್‌ಫೋನಿನಲ್ಲಿ ತುಂಡುತುಂಡು ವಾಕ್ಯಗಳಷ್ಟೇ ಬಂದವು. ನಾವು ಹುಡುಕಿಕೊಂಡು ಹೋದ ಮಾತು ಅಲ್ಲೇ ಹೊರಬೀಳುತ್ತಿತ್ತು. ನನಗಾದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು.

ಎದುರಿಗಿರುವವರ ಮನಸ್ಸು ನೋಯಿಸಲಾರದೆ ಚೆನ್ನಾಗಿದೆ ಎಂದುಬಿಡುವುದು ನಮ್ಮಲ್ಲೂ ಉಂಟು. ಅದಕ್ಕಾಗಿಯೇ ನಮ್ಮ ಕ್ಷೇತ್ರದವರೇ ಆದ ಅಪಲಾ ಲಾಹಿರಿ ಚವಾಣ್ 'ಬಾಲಿವುಡ್ ವಿಧಾನ' ರೂಪಿಸಿದರು. ವೆಬ್‌ಸೈಟ್ ಪರೀಕ್ಷಿಸಲು ಬಂದವರನ್ನು ಸಿನಿಮಾದಂಥ ಕತೆಯೊಳಗೆ ಇಳಿಸುವುದು ಅದರ ಉಪಾಯ: ಮದುವೆಗೆ ನಿಂತ ಹುಡುಗಿಯ ವರ ಭೂಗತ ಲೋಕದ ಹಂತಕ, ಮೇಲಾಗಿ ಅವನಿಗೆ ಆಗಲೇ ಹೆಂಡತಿಯಿದ್ದಾಳೆ. ಆ ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿಗೆ ಧಾವಿಸಲು ತಕ್ಷಣ ವಿಮಾನದ ಟಿಕೆಟ್ ಬುಕ್ ಮಾಡಬೇಕು! ಕತೆಯ ಆತುರದಲ್ಲಿ ದಾಕ್ಷಿಣ್ಯ ಮರೆತುಹೋಗಿ, ವೆಬ್‌ಸೈಟಿನ ಹುಳುಕೆಲ್ಲ ಬಾಯಿಗೆ ಬರುತ್ತದೆ. ಭಾಷೆ ಗೊತ್ತಿದ್ದ ಕಡೆಯೇ ಇಷ್ಟು ನಾಟಕ ಬೇಕೆಂದರೆ, ಅಡ್ಡಗೋಡೆ ಭಾಷೆಯೊಂದೇ ಅಲ್ಲ, ಎದುರು ಕೂತ ನಾನೂ ಹೌದು.

ಈಗೀಗ ಮಾಡರೇಟರಿಗೆ ಪ್ರಶ್ನೆಗಳನ್ನು ಕೊಡುವುದಿಲ್ಲ. ನಮಗೇನು ತಿಳಿಯಬೇಕಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಆದರೂ ವಿಮಾನ ಹತ್ತುವುದನ್ನು ಬಿಟ್ಟಿಲ್ಲ. ಬೆರಳು ಯಾವ ಬಟನ್ ಮೇಲೆ ತಡವರಿಸುತ್ತದೆಂದು ಕಣ್ಣಾರೆ ನೋಡಬೇಕು ಎಂದು ಆಫೀಸಿನಲ್ಲಿ ಕಾರಣ ಕೊಡುತ್ತೇನೆ. ಕಾರಣ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಅಂಗಡಿಯಾಕೆ ಹೇಳಿದ್ದು ಮಾಡರೇಟರಿಗೆ, ನನಗಲ್ಲ ಎಂದು ರಿಪೋರ್ಟಿನಲ್ಲಿ ಬರೆಯುತ್ತೇನೆ; ಖುಷಿಯಿಂದ ಬರೆಯುತ್ತೇನೆ ಎನ್ನಲಾರೆ.