ನನ್ನ ಎಂ.ಎಸ್. ಸಂಸಾರ

ಕೆಂಪು ಬಣ್ಣ ಮೊದಲು ಕೈಕೊಟ್ಟಿತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬಲಗಣ್ಣು ಮುಚ್ಚಿಕೊಂಡರೆ ನಾನೇ ಹಾಕಿದ ಕೆಂಪು ರೈಟ್ ಮಾರ್ಕು ತುಕ್ಕು ಬಣ್ಣಕ್ಕೆ ತಿರುಗುತ್ತಿತ್ತು. ಎಡಗಣ್ಣು ಹೊರಳಿಸಿದರೆ ಒಳಗೆಲ್ಲೋ ನೋವು. ಕನ್ನಡಕದ ಅಂಗಡಿ, ಕಣ್ಣಿನ ಡಾಕ್ಟರು, ನರರೋಗ ತಜ್ಞರು, ಎಂ.ಆರ್.ಐ., ಕೊನೆಗೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಎಂದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಮಯಲಿನ್ ಪೊರೆಯನ್ನು ಕೆಡಿಸುವ ಕಾಯಿಲೆ. ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ದೃಷ್ಟಿ ಬಹುಮಟ್ಟಿಗೆ ಮರಳಿತು. ಮರುವರ್ಷ ಬಲಗಾಲು ಎಳೆಯತೊಡಗಿತು.

ಸುದ್ದಿ ಹಬ್ಬಿದ್ದೇ ತಡ, ಸಲಹೆಗಳು ಮನೆಬಾಗಿಲಿಗೆ ಬಂದವು. ಗೋಧಿ ಬಿಡು, ಹಾಲು ಬಿಡು, ಹಸಿ ತರಕಾರಿ ಮಾತ್ರ ತಿನ್ನು. ನೆಂಟರೊಬ್ಬರು ಕರೆದುಕೊಂಡು ಹೋದ ಕಡೆ, 'ಇಂಗ್ಲಿಷ್ ಔಷಧಿ ನಿಲ್ಲಿಸಿದರೆ ಮಾತ್ರ ನಮ್ಮದು ಹತ್ತುತ್ತೆ' ಅಂದರು. ಚಹಾ ಕುಡಿದು ಎದ್ದು ಬಂದೆವು. ಮತ್ತೆ ಮತ್ತೆ ಎರಗುವ ಈ ಕಾಯಿಲೆಯ ದಾಳಿಗಳನ್ನು ಕಡಿಮೆ ಮಾಡುವುದು ಔಷಧಿ. ಮೊದಲನೆಯದಾದ ಇಂಟರ್‌ಫೆರಾನ್ ಬೀಟಾ 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೂ ಮುಂಚೆ ಈ ಕಾಯಿಲೆ ಬಂದವರನ್ನು ನೆನೆದರೆ ನನಗೆ ಸಲಹೆಗಾರರ ಮೇಲೆ ಸಿಟ್ಟೇ ಬರುತ್ತದೆ.

ಹಾಗಂತ ಊಟದ ಮಾತಿಗೆ ಬುಡವೇ ಇಲ್ಲವೆಂದಲ್ಲ. ರಾಯ್ ಸ್ವಾಂಕ್ ಎಂಬ ವೈದ್ಯರು 1950ರ ಸುಮಾರಿಗೆ ನಾರ್ವೆಯಲ್ಲಿ ಗಮನಿಸಿದ್ದು ಇದನ್ನೇ: ಹಾಲು ಬೆಣ್ಣೆ ಹೆಚ್ಚು ತಿನ್ನುವ ಒಳನಾಡಿನಲ್ಲಿ ಎಂ.ಎಸ್. ಹೆಚ್ಚು, ಮೀನು ತಿನ್ನುವ ಕರಾವಳಿಯಲ್ಲಿ ಕಡಿಮೆ. ರೋಗಿಗಳ ಊಟದಲ್ಲಿ ಜಿಡ್ಡು ಇಳಿಸಿ ದಶಕಗಳ ಕಾಲ ಅವರನ್ನು ನೋಡಿಕೊಂಡರು. ಆದರೆ ಆ ಪಥ್ಯ ಮಾಡದ ಇನ್ನೊಂದು ಗುಂಪನ್ನು ಚೀಟಿ ಎತ್ತಿ ಆರಿಸಿ ಪಕ್ಕದಲ್ಲಿ ಇಟ್ಟುಕೊಳ್ಳಲಿಲ್ಲವಾದ್ದರಿಂದ, ಗುಣ ಪಥ್ಯದ್ದೋ ಅಲ್ಲವೋ ಹೇಳಲಾಗದು. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ಬಿಡುವುದು ಸುಲಭವೂ ಅಲ್ಲ. ಬೆಣ್ಣೆ ದೋಸೆ ಈಗ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ. ದಿನಕ್ಕೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಅಗಸೆ ಚಟ್ನಿಪುಡಿ, ಮಜ್ಜಿಗೆ. ಎಂ.ಎಸ್.ಗೆ ನಾನು ತೆಗೆದುಕೊಳ್ಳುವ ಡೈಮೀಥೈಲ್ ಫ್ಯೂಮರೇಟ್ ಕ್ಯಾಪ್ಸೂಲು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನುಂಗಿದರೆ ಮುಖ ಕೆಂಪೇರಿ ಉರಿಯುತ್ತದೆ, ಹೊಟ್ಟೆ ಕಿವುಚುತ್ತದೆ. ಉಪ್ಪಿಟ್ಟಿನ ಜೊತೆ ಶೇಂಗಾ ಚಟ್ನಿ ಹಾಕಿಕೊಂಡು ತಿಂದು ನುಂಗಿದರೆ ತಡೆದುಕೊಳ್ಳಬಹುದು.

ಕರುಳಿನ, ಮೂತ್ರದ ವಿಚಾರ ಯಾರೂ ಎದುರಿಗೆ ಮಾತಾಡುವುದಿಲ್ಲ, ಹೆಂಗಸರಂತೂ ಇನ್ನೂ ಇಲ್ಲ. ಕಾಯಿಲೆ ಮೂತ್ರಕೋಶದ ನರಗಳನ್ನು ಮುಟ್ಟಿದಾಗ ಅವಸರ ತಡೆಯಲಾಗುವುದಿಲ್ಲ. ನಮ್ಮ ಶಾಲೆಯ ಶೌಚಾಲಯ ಮೈದಾನದ ಆ ತುದಿಯಲ್ಲಿ. ಎಳೆಯುವ ಕಾಲಿನಲ್ಲಿ ಅಲ್ಲಿಗೆ ಮುಟ್ಟುವ ಭರವಸೆ ಇಲ್ಲದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದೆ. ಮೊದಲೇ ನಿಧಾನವಾಗಿದ್ದ ಕರುಳು ಇನ್ನೂ ಒಣಗಿತು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಅವಸರ ಹೆಚ್ಚಿಸಿತು. ಕಡೆಗೆ ಮೂತ್ರದ ಸೋಂಕು, ಜ್ವರ. ಜ್ವರ ಏರಿದ ರಾತ್ರಿ ಎರಡೂ ಕಾಲು ಎತ್ತಲಾಗದೆ, ಇನ್ನೊಂದು ದಾಳಿ ಬಂತೆಂದು ಮನೆಯವರು ಆಸ್ಪತ್ರೆಗೆ ಓಡಿಸಿದರು. ಹೊಸ ದಾಳಿಯಲ್ಲ, ಮೈ ಬಿಸಿಯಾದಾಗ ಹಳೆಯ ಗಾಯದ ಲಕ್ಷಣಗಳೇ ಎದ್ದು ಕಾಣುತ್ತವೆ ಎಂದರು ಡಾಕ್ಟರು. ಸೋಂಕು ಇಳಿಯಿತು, ಕಾಲು ಎದ್ದಿತು. ಮುಖ್ಯೋಪಾಧ್ಯಾಯರಿಗೆ ಹೇಳಿ ತರಗತಿಯನ್ನು ಶೌಚಾಲಯದ ಹತ್ತಿರದ ಕೋಣೆಗೆ ಹಾಕಿಸಿಕೊಂಡೆ. ನೀರನ್ನು ಬೆಳಗಿನಿಂದಲೇ ಹಂಚಿಕೊಂಡು ಕುಡಿಯುತ್ತೇನೆ. ನನ್ನ ಮಟ್ಟಿಗೆ ದೊಡ್ಡ ಚಿಕಿತ್ಸೆ ಇದೇ ಇರಬೇಕು.

ಕರುಳಿನ ಬ್ಯಾಕ್ಟೀರಿಯಾಗಳ ಸಂಶೋಧನೆಯೂ ನಡೆದಿದೆ. ಎಂ.ಎಸ್. ಇರುವವರ ಕರುಳಿನ ಸೂಕ್ಷ್ಮಜೀವಿಗಳನ್ನು ಇಲಿಗಳಿಗೆ ಸೇರಿಸಿದಾಗ ಅವುಗಳಲ್ಲಿ ಇದೇ ಬಗೆಯ ಕಾಯಿಲೆ ಹೆಚ್ಚಿತೆಂದು 2017ರಲ್ಲಿ ವರದಿಯಾಯಿತು. ಇಲಿಗಾದದ್ದು ಮನುಷ್ಯರ ಮಜ್ಜಿಗೆ ಲೋಟಕ್ಕೆ ಬರಲು ಇನ್ನೂ ದೂರವಿದೆ. ನಾನು ಮಜ್ಜಿಗೆ ಕುಡಿಯುವುದು ರುಚಿಗೆ, ಮತ್ತು ಬೆಳಿಗ್ಗೆ ಹೊಟ್ಟೆ ಸಲೀಸಾಗುತ್ತದೆಂದು.

ಜ್ವರದ ಜೊತೆ ಮೈ ಬಿಸಿಯ ಮಾತು ಬಂತಲ್ಲ. ಯುಗಾದಿಗೆ ಅತ್ತೆ ಎಣ್ಣೆ ತಿಕ್ಕಿ, ಹಂಡೆ ನೀರು ಸುರಿದು ಎರೆದರು. ಬಚ್ಚಲಿಂದ ಹೊರಬಂದಾಗ ಬಾಗಿಲಿಗೆ ಕಟ್ಟಿದ ಮಾವಿನ ತೋರಣವೇ ಮಸುಕು. ಫ್ಯಾನಿನ ಕೆಳಗೆ ಕೂತು ಮೈ ತಣ್ಣಗಾದ ಮೇಲೆ ಎಲೆ ಎಲೆಯಾಗಿ ಕಂಡಿತು. ಉಟ್‌ಹಾಫ್ ಎಂಬ ಜರ್ಮನ್ ನೇತ್ರತಜ್ಞ 1890ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ವ್ಯಾಯಾಮ ಮಾಡಿದ ರೋಗಿಗಳ ದೃಷ್ಟಿ ಕುಂದಿದ್ದನ್ನು ಕಂಡಿದ್ದ. ಒಂದು ಕಾಲಕ್ಕೆ ರೋಗಿಯನ್ನು ಬಿಸಿನೀರಲ್ಲಿ ಕೂರಿಸಿಯೇ ಎಂ.ಎಸ್. ಪತ್ತೆ ಮಾಡುತ್ತಿದ್ದರಂತೆ. ವ್ಯಾಯಾಮ ಬೇಡ, ಮಲಗಿರಿ ಎಂದು ವೈದ್ಯರೇ ಬಹಳ ಕಾಲ ಹೇಳುತ್ತಿದ್ದರು.

ಈಗ ಹೇಳುವುದು ಉಲ್ಟಾ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸಿನವಳು. 'ಟೀಚರ್, ಕೈ ಊರಬೇಡಿ, ಇನ್ನೊಂದ್ಸಲ' ಎನ್ನುತ್ತಾಳೆ, ನಾನು ಮಕ್ಕಳಿಗೆ ಮಗ್ಗಿ ಹೇಳಿಸುವ ದನಿಯಲ್ಲೇ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕುಂತು ಪಾದದ ಮುಂಭಾಗ ಎತ್ತುವುದು. ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮುಂಚೆಯೇ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು. ಸುಸ್ತು ಹೋಗಿಲ್ಲ, ಆದರೆ ಸುಸ್ತಾಗುವ ಹೊತ್ತು ಮಧ್ಯಾಹ್ನದಿಂದ ಸಂಜೆಗೆ ಸರಿದಿದೆ.

'ನೋಡೋಕೆ ಚೆನ್ನಾಗೇ ಇದ್ದೀಯಲ್ಲವ್ವ' ಎನ್ನುವವರಿಗೆ ಉತ್ತರ ಹುಡುಕುವುದನ್ನು ಬಿಟ್ಟಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಎಂ.ಎಸ್. ಸೇರಿದೆ, ಕೋಣೆ ಬದಲಿಸಿಕೊಡಿ ಎಂದು ಕೇಳುವಾಗ ಆ ಕಾಯ್ದೆಯ ಕಾಗದ ನನಗಿಂತ ಚೆನ್ನಾಗಿ ಮಾತಾಡುತ್ತದೆ.

ಕಳೆದ ಎಂ.ಆರ್.ಐ.ನಲ್ಲಿ ಹೊಸ ಕಲೆ ಕಾಣಲಿಲ್ಲ. ಅತ್ತೆ ಅದನ್ನು ಅಗಸೆ ಪುಡಿಯ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ, ಡಾಕ್ಟರು ಕ್ಯಾಪ್ಸೂಲಿನ ಲೆಕ್ಕಕ್ಕೆ. ನನಗೆ ಡಾಕ್ಟರ ಲೆಕ್ಕವೇ ಸರಿ ಎನಿಸುತ್ತದೆ. ಅತ್ತೆಗೆ ಹೇಳಿಲ್ಲ, ಅಗಸೆ ಹುರಿಯುವುದು ಅವರೇ ತಾನೇ.