ಬೆಟ್ಟ ಕರಗಿದ ಬಟ್ಟಲು

ಗೋಲಗುಂಬಜ ಎಕ್ಸ್‌ಪ್ರೆಸ್ಸಿನಿಂದ ಬಾದಾಮಿ ನಿಲ್ದಾಣದಲ್ಲಿ ಇಳಿದಾಗ ನನ್ನ ಹೆಗಲ ಚೀಲದಲ್ಲಿದ್ದದ್ದು ಎರಡು ಜೊತೆ ಬಟ್ಟೆ, ಹನ್ನೆರಡು ಬಣ್ಣದ ಬಿಲ್ಲೆಗಳ ಒಂದು ತಗಡಿನ ಡಬ್ಬಿ, ಮೂರು ಕುಂಚ, ಇಪ್ಪತ್ತು ಹಾಳೆ. ಮೂವತ್ತನಾಲ್ಕು ವರ್ಷ ಲೆಕ್ಕಪತ್ರ ಬರೆದ ಕೈ ನನ್ನದು. ಗೆರೆಯೊಳಗೆ ಅಂಕಿ ಕೂರಿಸಿಯೇ ಅಭ್ಯಾಸ. ನಿವೃತ್ತಿಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಹೋಗಿ, ಕೆ. ವೆಂಕಟಪ್ಪನವರು (1886–1965) ಬರೆದ ಊಟಿ, ಕೊಡೈಕನಾಲ್ ದೃಶ್ಯಗಳ ಮುಂದೆ ನಿಂತಿದ್ದೆ. ಬೆಟ್ಟ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಗೆರೆ ಹುಡುಕಿದೆ, ಸಿಗಲಿಲ್ಲ. ನೀರು, ಬಣ್ಣ, ಕಾಗದ, ಇಷ್ಟರಿಂದಲೇ ಇದೆಲ್ಲ ಆಗುತ್ತದೆಯೇ ಎಂಬ ಬೆರಗಿನಲ್ಲಿ ಮಾರನೆಯ ವಾರವೇ ಜಲವರ್ಣದ ತರಗತಿಗೆ ಸೇರಿದೆ. ಆರು ತಿಂಗಳು ಸೇಬು, ಹೂಜಿ, ಬಾಳೆಗೊನೆ. ಆಮೇಲೆ ಗುರುಗಳೇ ಅಂದರು: "ಸಾಕು, ಹೊರಗೆ ಹೋಗಿ. ನಿಮಗಿಂತ ದೊಡ್ಡದೇನಾದರೂ ಇರುವ ಕಡೆ ಕೂತು ಬರೆಯಿರಿ."

ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರು. ಡಿಸೆಂಬರಿನ ಎಳೆಬಿಸಿಲು. ಆಟೊ ಇಳಿದು ಓಣಿಗಳನ್ನು ದಾಟಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ನಿಂತವಳು ಅಲ್ಲೇ ಕೂತುಬಿಟ್ಟೆ. ಎರಡು ಬದಿಗೆ ಕೆಂಬಂಡೆಯ ಗೋಡೆಗಳು, ನಡುವೆ ಕೆರೆ, ಆ ತುದಿಯಲ್ಲಿ ನೀರಿಗೆ ಕಾಲು ಚಾಚಿ ಕೂತಂತೆ ಭೂತನಾಥ ಗುಡಿ. ಕೆಂಪು ಎಂದರೆ ಒಂದು ಬಣ್ಣವೆಂದು ತಿಳಿದಿದ್ದೆ. ಇಲ್ಲಿ ಹೆಂಚಿನ ಕೆಂಪಿತ್ತು, ಸುಟ್ಟ ಮಡಕೆಯ ಕೆಂಪಿತ್ತು, ಬೆಲ್ಲದ ಪಾಕ ಏರಿದಾಗಿನ ಕೆಂಪಿತ್ತು; ಮಳೆನೀರು ಇಳಿದಿಳಿದು ಕಪ್ಪಾದ ಕಡೆ ಬಂಡೆ ಜಡೆ ಬಿಟ್ಟಂತಿತ್ತು. 543ರಲ್ಲಿ ಒಂದನೆಯ ಪುಲಕೇಶಿ ಈ ಬಂಡೆಯನ್ನೇ ಕೋಟೆ ಮಾಡಿಕೊಂಡನೆಂದು ಶಾಸನ ಹೇಳುತ್ತದೆ. ಯಾಕೆ ಇಲ್ಲೇ ಎಂದು ಕೇಳುವ ಅಗತ್ಯವೇ ಕಾಣಲಿಲ್ಲ.

ಹಾಳೆ ಬಿಚ್ಚಿದೆ. ಜಲವರ್ಣದಲ್ಲಿ ಬಿಳಿ ಹಚ್ಚುವುದು ಕಡಿಮೆ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಅದಕ್ಕೇ ಮೊದಲು ಬೆಳಕು, ಆಮೇಲೆ ನೆರಳು. ಆಕಾಶದ ಜಾಗಕ್ಕೆ ನೀರು ಸವರಿ ನೀಲಿ ಮುಟ್ಟಿಸಿದೆ. ತರಗತಿಯ ಫ್ಯಾನಿನ ಕೆಳಗೆ ಮೆಲ್ಲಗೆ ಹರಡುತ್ತಿದ್ದ ಬಣ್ಣ ಇಲ್ಲಿನ ಒಣಗಾಳಿಗೆ ಕುಂಚ ಎತ್ತುವಷ್ಟರಲ್ಲಿ ಆರಿತು. ಗಾಬರಿಯಿಂದ ಇನ್ನೊಂದು ಹನಿ ನೀರು ಬಿಟ್ಟೆ. ಅರೆ ಒಣಗಿದ ಬಣ್ಣದ ಮೇಲೆ ಬಿದ್ದ ನೀರು ಬಣ್ಣವನ್ನು ಅಂಚಿಗೆ ತಳ್ಳುತ್ತದೆ. ನನ್ನ ಆಕಾಶದಲ್ಲಿ ಒಂದು ಹೂಕೋಸು ಅರಳಿತು. ಅಷ್ಟರಲ್ಲಿ ಕೋತಿಯೊಂದು ಬಂದು ನನ್ನ ಸ್ಪಂಜು ಕಸಿದು, ಮೂಸಿ ನೋಡಿ, ಮುಖ ಸಿಂಡರಿಸಿ ಎಸೆದು ಹೋಯಿತು. ನಾನು ಹಲ್ಲು ಕಚ್ಚಿ ಕೆರೆಗೆ ನೀಲಿ ತುಂಬಿದೆ.

ಪಕ್ಕದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

"ಬಾಯಾರ, ಏನ್ ಬರ್ಯಾಕ್ಹತ್ತೀರಿ?"

"ಈ ಕೆರೆ ಅಮ್ಮ."

"ನಮ್ಮ ಕೆರಿ ಹಿಂಗೈತೇನ್ರಿ? ನೀಲಿ ಎಲ್ಲೈತಿ? ನೀರ ಹಸರ ಐತಿ. ಗುಡ್ಡದ ನೆಳ್ಳು ಬಿದ್ದಲ್ಲಿ ಕೆಂಪ ಕಾಣಸ್ತೈತಿ. ನೋಡೇ ಇಲ್ಲ ಬಿಡ್ರಿ ನೀವು."

ಅಷ್ಟು ಹೇಳಿ ಸೀರೆ ಕುಕ್ಕಲು ಹೋದಳು. ತಲೆ ಎತ್ತಿ ನೋಡಿದೆ. ಪಾಚಿಗಟ್ಟಿದ ಹಸಿರು ನೀರು. ಅದರೊಳಗೆ ತಲೆಕೆಳಗಾಗಿ ಇಳಿದ ಇಡೀ ಕೆಂಬಂಡೆ. ಎರಡೂ ಬೆರೆತ ಕಡೆ ಹೆಸರಿಲ್ಲದ ಒಂದು ಕಂದು. ನೀಲಿ ಎಲ್ಲೂ ಇರಲಿಲ್ಲ. ಎರಡು ಗಂಟೆ ಕೆರೆಯ ಎದುರು ಕೂತಿದ್ದವಳು ಒಂದನೇ ಕ್ಲಾಸಿನ ಪುಸ್ತಕದಲ್ಲಿ ಕಂಡ ಕೆರೆಯನ್ನು ಬರೆದಿದ್ದೆ!

ಬಿಸಿಲೇರಿದ ಮೇಲೆ ಗುಹೆಗಳಿಗೆ ಹತ್ತಿದೆ. ಮೊದಲ ಗುಹೆಯ ಹೊರಗೋಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ನಾನು ನೋಡಲು ಬಂದಿದ್ದದ್ದು ಮೂರನೆಯದನ್ನು. ಚಾಲುಕ್ಯರ ಮಂಗಳೇಶ ಬರೆಸಿದ ಶಾಸನವಿರುವುದರಿಂದ ಅದಕ್ಕೆ ಖಚಿತವಾದ ವರ್ಷವಿದೆ: 578. ಎಲ್ಲರೂ ಅಲ್ಲಿ ಶೇಷನ ಮೇಲೆ ಕೂತ ವಿಷ್ಣುವಿನ ಮುಂದೆ ನಿಲ್ಲುತ್ತಾರೆ. ನಾನು ಕತ್ತು ನೋಯುವಂತೆ ಮೇಲೆ ನೋಡುತ್ತ ನಿಂತೆ. ಮುಂಚಾಚಿನ ಬಾಗಿದ ಒಳಮೈಯಲ್ಲಿ, ಗಾರೆಯ ಮೇಲೆ, ಹದಿನಾಲ್ಕು ಶತಮಾನ ಹಿಂದಿನ ಬಣ್ಣದ ಚೂರುಗಳು ಇನ್ನೂ ಉಳಿದಿವೆ. ಮೊದಲಿಗೆ ಬರೀ ಕಲೆ ಎನ್ನಿಸಿತು. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಒಂದು ಮುಖದ ಓರೆ, ಒಂದು ತೋಳಿನ ಬಾಗು ಮೂಡಿತು, ಮತ್ತೆ ಮರೆಯಾಯಿತು. ಈ ಕಲ್ಲಿನಲ್ಲಿ ಕಡೆದದ್ದೆಲ್ಲ ಬಹುಪಾಲು ಉಳಿದಿದೆ, ಬರೆದದ್ದೆಲ್ಲ ಬಹುಪಾಲು ಅಳಿದಿದೆ. ಉಳಿದ ಆ ಅಂಗೈಯಗಲದ ಕೆಂಪಿನ ಎದುರು ನನ್ನ ಹೂಕೋಸಿನ ಆಕಾಶ ನೆನಪಾಗಿ ಒಬ್ಬಳೇ ನಕ್ಕೆ. ಇಲ್ಲೂ ಯಾರೋ ಒಬ್ಬರು ಬಟ್ಟಲು ಹಿಡಿದು, ಗಾಳಿಗೆ ಬಯ್ಯುತ್ತ, ಬಣ್ಣ ಆರುವ ಮೊದಲು ಕೈ ಓಡಿಸಿರಬೇಕು.

ಕೆಳಗಿಳಿಯುವಾಗ ಒಂದು ಕಂಬಕ್ಕೆ ಕೈಯಿಟ್ಟು ನಿಂತಿದ್ದೆ. ಆಗ ಕಂಡದ್ದು ಈ ಪ್ರಯಾಣದ ದೊಡ್ಡ ಬೆರಗು. ಕಂಬದ ಮೈತುಂಬ ಓರೆಯೋರೆಯಾಗಿ ಪದರಗಳು: ತೆಳುಗೆಂಪು, ಬಿಳಿ, ನೇರಳೆ ಮಿಶ್ರಿತ ಕಂದು. ಇದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಹರಿದ ನದಿಗಳು ಮರಳನ್ನು ಹೊತ್ತು ತಂದು ಹಾಸಿ, ಮತ್ತೆ ಹಾಸಿ, ಅದು ಒತ್ತಿ ಗಟ್ಟಿಯಾಗಿ ಕಲ್ಲಾಗಿದೆ. ಓರೆ ಗೆರೆಗಳು ಆ ನೀರು ಹರಿದ ದಿಕ್ಕಿನ ಗುರುತು. ಕೆಂಪು ಬಂದದ್ದು ಕಣಗಳಿಗೆ ಮೆತ್ತಿದ ಕಬ್ಬಿಣದ ತುಕ್ಕಿನಿಂದ. ಭೂವಿಜ್ಞಾನಿಗಳು ಈ ಶಿಲಾಪದರಕ್ಕೆ ಗುಹಾದೇಗುಲಗಳ ಹೆಸರನ್ನೇ ಇಟ್ಟಿದ್ದಾರೆ. ನನ್ನ ಹಾಳೆಯ ಮೇಲೂ ಇದೇ ನಡೆಯುತ್ತದೆ: ನೀರು ಬಣ್ಣದ ಕಣಗಳನ್ನು ಹೊತ್ತು ಓಡುತ್ತದೆ, ಕಾಗದದ ಸಣ್ಣ ಗುಳಿಗಳಲ್ಲಿ ಇಳಿಸುತ್ತದೆ, ತಾನು ಆರಿಹೋಗುತ್ತದೆ. ಉಳಿಯುವುದು ಕಣಗಳು ಕೂತ ಗುರುತು. ಹಾಗಾದರೆ ನಾನು ಕೈಯಿಟ್ಟು ನಿಂತದ್ದು ಒಂದು ದೊಡ್ಡ ಜಲವರ್ಣದ ಮೇಲೆಯೇ.

ಡಬ್ಬಿಯಲ್ಲಿ ನನ್ನ ಮೆಚ್ಚಿನ ಬಿಲ್ಲೆ ಬರ್ನ್ಟ್ ಸಿಯೆನಾ. ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ, ಕಬ್ಬಿಣ ತುಂಬಿದ ಮಣ್ಣನ್ನು ಹುರಿದು ಮಾಡಿದ ಬಣ್ಣ ಅದು. ಕಬ್ಬಿಣದ ಮಣ್ಣಿಗೆ ಇಟಲಿಯವರೆಗೆ ಯಾಕೆ ಹೋಗಬೇಕು? ನಮ್ಮ ಮನೆಗಳ ಗೋಡೆಯಂಚಿಗೆ ಬಳಿಯುತ್ತಿದ್ದ ಜಾಜು, ಗುಡಿಯ ಪ್ರಾಕಾರದ ಸುಣ್ಣದ ನಡುವಿನ ಕೆಮ್ಮಣ್ಣು ಪಟ್ಟೆ, ಸನ್ಯಾಸಿಗಳ ಕಾವಿ, ಎಲ್ಲ ಇದರ ಒಡಹುಟ್ಟುಗಳೇ. ಸ್ಮಾರಕದ ಕಲ್ಲನ್ನು ಕೆರೆದುಕೊಳ್ಳುವ ಹಾಗಿಲ್ಲ, ಕೆರೆಯಬಾರದು. ಊರಾಚೆ ಬನಶಂಕರಿಯ ದಾರಿಯಲ್ಲಿ ಹೊಲದ ಬದುವಿನಿಂದ ಒಂದು ಹಿಡಿ ಕೆಮ್ಮಣ್ಣು ಕಾಗದದಲ್ಲಿ ಕಟ್ಟಿಕೊಂಡೆ. ಗುಡಿಯ ಬಳಿ ಬುಟ್ಟಿ ಹೊತ್ತ ಹೆಂಗಸರಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಂಡು ಉಂಡೆ.

ಮಣ್ಣಷ್ಟೇ ಇದ್ದರೆ ಒಣಗಿದ ಮೇಲೆ ಉದುರಿಹೋಗುತ್ತದೆ. ಅದನ್ನು ಕಾಗದಕ್ಕೆ ಹಿಡಿಸಲು ಅಂಟು ಬೇಕು. ಜಲವರ್ಣದ ಬಿಲ್ಲೆಗಳಲ್ಲಿರುವುದು ಗಮ್ ಅರೇಬಿಕ್, ಆಫ್ರಿಕಾದ ಸುಡಾನ್ ಕಡೆಯ ಜಾಲಿ ಜಾತಿಯ ಮರಗಳು ಸುರಿಸುವ ಅಂಟು. ಬಿಲ್ಲೆ ಬಿರುಕು ಬಿಡದಿರಲೆಂದು ಕೆಲವರು ಜೇನನ್ನೂ ಸೇರಿಸುತ್ತಾರೆ. ಅಂಟು, ಸಿಹಿ ಎಂದೊಡನೆ ತಲೆಯಲ್ಲಿ ದೀಪ ಹತ್ತಿತು: ಇದೇ ಜಿಲ್ಲೆಯ ಅಮೀನಗಡದ ಕರದಂಟು! ಹೆಸರಿನಲ್ಲೇ ಇದೆ, ಕರಿದ ಅಂಟು. ಸಂಜೆ ಕಿರಾಣಿ ಅಂಗಡಿಗೆ ಹೋಗಿ ಕರಿಯದ ಅಂಟು ಕೇಳಿದೆ.

"ಮನ್ಯಾಗ ಬಾಣಂತಿ ಅದಾರೇನ್ರಿ?" ಎಂದ ಅಂಗಡಿಯವ, ತೂಗುತ್ತ.

"ಬಾಣಂತಿಗಲ್ಲಪ್ಪ, ಬಣ್ಣಕ್ಕೆ."

"ಬಣ್ಣಕ್ಕ?" ಅವನು ತಕ್ಕಡಿ ಇಳಿಸಿದ. "ಉಂಡಿ ಕಟ್ಟಿದ್ರ ಸೊಂಟಕ್ಕಾದ್ರೂ ಛಲೋ ಆಕ್ಕಿತ್ತಲ್ರಿ!"

ಜೇನಿನ ಬಣ್ಣದ ಆ ಹರಳುಗಳನ್ನು ಲಾಡ್ಜಿನ ಲೋಟದಲ್ಲಿ ರಾತ್ರಿಯಿಡೀ ನೆನೆಸಿದೆ. ಖಾನಾವಳಿಯವರಲ್ಲಿ ಕುಟ್ಟಾಣಿ ಕೇಳಿ ಪಡೆದು ಮಣ್ಣು ಅರೆದೆ, ಸೆರಗಿನಲ್ಲಿ ಸೋಸಿದೆ, ನೀರಿನಲ್ಲಿ ಕಲಕಿದೆ. ದಪ್ಪ ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆನ್ನೀರನ್ನು ಬಗ್ಗಿಸಿಕೊಂಡು ಆರಿಸಿದೆ. ಉಳಿದದ್ದು ಒಂದು ಚಮಚ, ಮೈದಾದಷ್ಟು ನುಣುಪು. ಅಂಟುನೀರು ಬೆರೆಸಿದಾಗ ಬಟ್ಟಲಲ್ಲಿ ಕೂತದ್ದನ್ನು ಕುಂಚದಿಂದ ಕಾಗದಕ್ಕೆ ಎಳೆದೆ. ಆಹಾ! ಹಿಂದಿನ ದಿನ ಡಬ್ಬಿಯಲ್ಲಿ ಹುಡುಕಿ ಸೋತ ಕೆಂಪು ಅದೇ.

ಕೊನೆಯ ಮುಂಜಾವು ಮತ್ತೆ ಅದೇ ಮೆಟ್ಟಿಲು. ಈ ಸಲ ಅರ್ಧ ಗಂಟೆ ಕುಂಚ ಮುಟ್ಟಲಿಲ್ಲ, ನೋಡಿದೆ. ಆಮೇಲೆ ಹಾಳೆಯ ಹಿಂದು ಮುಂದು ಎರಡನ್ನೂ ನೆನೆಸಿ, ಒದ್ದೆ ಟವೆಲ್ಲಿನ ಮೇಲೆ ಹಾಸಿ, ಗಾಳಿಗಿಂತ ಮೊದಲು ಓಡಿದೆ. ಬಂಡೆಗೆ ಹೊಲದ ಮಣ್ಣು. ಕೆರೆಗೆ ಹಸಿರು, ಅದು ಆರುವ ಮೊದಲೇ ಅದರೊಳಗೆ ಇಳಿಬಿಟ್ಟ ಅದೇ ಮಣ್ಣು. ಎರಡೂ ತಾವೇ ಬೆರೆತು ಆ ಹೆಸರಿಲ್ಲದ ಕಂದಾದವು. ನೀಲಿಯೂ ವ್ಯರ್ಥವಾಗಲಿಲ್ಲ. ಅಲ್ಟ್ರಾಮರೀನ್ ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಗಣಿಯ ಕಲ್ಲಿನಿಂದ ಅರೆದು ಚಿನ್ನದ ಬೆಲೆಗೆ ಮಾರುತ್ತಿದ್ದ ಬಣ್ಣ. 1820ರ ದಶಕದಲ್ಲಿ ಯುರೋಪಿನಲ್ಲಿ ಕೃತಕವಾಗಿ ತಯಾರಿಸಿದ ಮೇಲೆ ನನ್ನಂಥವರ ಡಬ್ಬಿಗೂ ಬಂತು. ಅದನ್ನು ಕೆಂಪಿಗೆ ಸೇರಿಸಿದಾಗ ಗುಹೆಗಳ ಬಾಯಿಯ ತಣ್ಣನೆಯ ಬೂದುಗಪ್ಪು ಸಿಕ್ಕಿತು.

ಚಿತ್ರ ಚೆನ್ನಾಗಿ ಬಂತೇ? ಭೂತನಾಥನ ಶಿಖರ ವಾಲಿದೆ, ಎಡಬಂಡೆ ಇಡ್ಲಿಯಂತೆ ಉಬ್ಬಿದೆ. ಅಜ್ಜಿ ಬಕೆಟ್ಟು ಇಳಿಸಿ ಇಣುಕಿದಳು. "ಗುಡಿ ಬೀಳಾಕ್ಹತ್ತೈತಿ" ಅಂದಳು. ಸ್ವಲ್ಪ ಹೊತ್ತು ನೋಡಿ, "ನೀರ ಮಾತ್ರ ನಮ್ಮದ ಐತಿ ನೋಡ್ರಿ" ಎಂದು ಸೇರಿಸಿದಳು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಯಾವ ಆಡಿಟ್ ವರದಿಯೂ ನನಗೆ ಇಷ್ಟು ಖುಷಿ ಕೊಟ್ಟಿರಲಿಲ್ಲ.

ರೈಲಿಗೆ ಹೊತ್ತಾಗಿತ್ತು. ಬಟ್ಟಲಲ್ಲಿ ಉಳಿದ ಕೆನ್ನೀರನ್ನು ಕೆರೆಗೆ ಚೆಲ್ಲಲು ಮನಸ್ಸಾಗಲಿಲ್ಲ. ಮೆಟ್ಟಿಲಾಚೆಯ ಬರಿನೆಲಕ್ಕೆ ಸುರಿದೆ. ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿಯಿತು. ನನ್ನ ಬಣ್ಣ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತೆಂದು ಬಗ್ಗಿ ಗೆರೆ ಹುಡುಕಿದೆ, ಸಿಗಲಿಲ್ಲ.