ಹುಟ್ಟಿಲ್ಲದ ದೋಣಿ, ಮೊಳೆಯಿಲ್ಲದ ಸೇತುವೆ

ಕೇಂಬ್ರಿಡ್ಜಿನ ಕ್ಯಾಮ್ ನದಿಯಲ್ಲಿ ಓಡಾಡುವ 'ಪಂಟ್' ಎಂಬ ದೋಣಿಗೆ ಹುಟ್ಟು ಇಲ್ಲ. ತಳ ಚಪ್ಪಟೆ, ನದಿಯೂ ಹೆಚ್ಚು ಆಳವಿಲ್ಲ. ಹಿಂಬದಿಯ ಹಲಗೆಯ ಮೇಲೆ ನಿಂತವನು ಸುಮಾರು 5 ಮೀಟರ್ ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ಹಿಂದಕ್ಕೆ ತಳ್ಳುತ್ತಾನೆ. ದೋಣಿ ಮುಂದಕ್ಕೆ ಜಾರುತ್ತದೆ. ಆಕ್ಸ್‌ಫರ್ಡಿನವರು ಇಂಥದೇ ದೋಣಿಯನ್ನು ಇನ್ನೊಂದು ತುದಿಯಲ್ಲಿ ನಿಂತು ನಡೆಸುತ್ತಾರೆ. ಎರಡೂ ಊರಿನವರಿಗೆ ತಮ್ಮದೇ ಸರಿ!

ಅಕ್ಕನ ಬಾಣಂತನಕ್ಕೆ ಹೊರಟ ಅಮ್ಮನ ಜೊತೆ ಹೋಗಿದ್ದರಿಂದ ನನಗೆ ಒಂದು ಮಧ್ಯಾಹ್ನ ಈ ದೋಣಿಯಲ್ಲಿ ಕೂರುವ ಅವಕಾಶ ಸಿಕ್ಕಿತು. ಅಲ್ಲಿ ನದಿ ಕಾಲೇಜುಗಳ ಹಿತ್ತಿಲಲ್ಲೇ ಹರಿಯುತ್ತದೆ. ಸೇಂಟ್ ಜಾನ್ಸ್ ಕಾಲೇಜಿನ 'ನಿಟ್ಟುಸಿರಿನ ಸೇತುವೆ', ಟ್ರಿನಿಟಿಯ ರೆನ್ ಗ್ರಂಥಾಲಯ, 1640ರ ಕ್ಲೇರ್ ಸೇತುವೆ, ಕಿಂಗ್ಸ್ ಕಾಲೇಜಿನ ಎತ್ತರದ ಚಾಪೆಲ್, ಅದರೆದುರಿನ ಹುಲ್ಲುಗಾವಲು ಒಂದೊಂದಾಗಿ ನಿಧಾನವಾಗಿ ಎದುರಾಗುತ್ತವೆ. ನ್ಯೂಟನ್ ಓದಿದ್ದು ಟ್ರಿನಿಟಿಯಲ್ಲಿ. 1914ರಲ್ಲಿ ನಮ್ಮ ರಾಮಾನುಜನ್ ಬಂದು ಸೇರಿದ್ದೂ ಅಲ್ಲೇ. ಅಮ್ಮನಿಗೆ ಮಾತ್ರ ನೀರಿಗೆ ಬಾಗಿದ ಮರಗಳನ್ನು ಕಂಡು ಶ್ರೀರಂಗಪಟ್ಟಣ ನೆನಪಾಯಿತು.

ಕ್ವೀನ್ಸ್ ಕಾಲೇಜಿನ ಹತ್ತಿರ 'ಗಣಿತ ಸೇತುವೆ' ಎಂದು ಕರೆಯುವ ಮರದ ಸೇತುವೆಯಿದೆ. ಅದರ ತೊಲೆಗಳೆಲ್ಲ ನೇರ, ಆದರೆ ನೋಡಲು ಕಮಾನು. ದೋಣಿಯವನು ಕಥೆ ಹೇಳಿದ: ನ್ಯೂಟನ್ ಇದನ್ನು ಒಂದೂ ಮೊಳೆಯಿಲ್ಲದೆ ಕಟ್ಟಿದನಂತೆ, ವಿದ್ಯಾರ್ಥಿಗಳು ಗುಟ್ಟು ತಿಳಿಯಲು ಬಿಚ್ಚಿದರಂತೆ, ಮತ್ತೆ ಜೋಡಿಸಲಾಗದೆ ಬೋಲ್ಟು ಹಾಕಿದರಂತೆ. ಕಥೆ ಚೆನ್ನಾಗಿದೆ. ಆದರೆ ನ್ಯೂಟನ್ ತೀರಿಕೊಂಡದ್ದು 1727ರಲ್ಲಿ. ವಿಲಿಯಂ ಎಥರಿಜ್ ವಿನ್ಯಾಸ ಮಾಡಿದ ಸೇತುವೆಯನ್ನು ಜೇಮ್ಸ್ ಎಸೆಕ್ಸ್ ಕಟ್ಟಿದ್ದು 1749ರಲ್ಲಿ. ಈಗಿರುವುದು ಅದೇ ವಿನ್ಯಾಸದಲ್ಲಿ 1905ರಲ್ಲಿ ಮತ್ತೆ ಕಟ್ಟಿದ್ದು.

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ನ್ಯೂಟನ್ನನ ಮೂರನೇ ನಿಯಮ ನನ್ನ ಪಾಲಿಗೆ ಬಂತು. ಪೀಠಿಕೆಗೆ ಈ ಕಥೆಯನ್ನು ಹಾಗೆಯೇ ಹೇಳಿಬಿಡಿ, ಆಸಕ್ತಿ ಹುಟ್ಟಿದರೆ ಸಾಕಲ್ಲವೇ ಎಂದರು ಸಹಪಾಠಿಯೊಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ. ನಾವು ಬೋರ್ಡಿನ ಮೇಲೆ ಬರೆದದ್ದು ಮಕ್ಕಳ ನೋಟ್‌ಬುಕ್ಕಿಗೆ ಇಳಿದ ಮೇಲೆ ಅದನ್ನು ಅಳಿಸಲು ಯಾರೂ ಬರುವುದಿಲ್ಲ. ವಿಜ್ಞಾನದ ತರಗತಿಯಲ್ಲೇ ಹಾಗಾದರೆ ಹೇಗೆ?

ಮೊದಲು ದೋಣಿಯ ಚಿತ್ರ ಬರೆದು ಕೇಳಿದೆ: "ದೋಣಿಯೊಳಗೆ ಕೂತು ಮುಂದಿನ ಹಲಗೆಯನ್ನೇ ಜೋರಾಗಿ ತಳ್ಳಿದರೆ?" ಅರ್ಧ ತರಗತಿ "ಹೋಗುತ್ತೆ ಮಿಸ್" ಎಂದಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. ಅವನ ತಾತ ಹರಿಗೋಲಿನಲ್ಲಿ ಮೀನು ಹಿಡಿಯುವವರು. "ಇಲ್ಲ ಮಿಸ್, ನೆಲಕ್ಕೆ ಊರಬೇಕು. ನೀರು ಕಮ್ಮಿ ಇದ್ರೆ ತಾತ ಬಿದಿರು ಊರ್ತಾರೆ." ಗಳ ನೆಲವನ್ನು ಹಿಂದಕ್ಕೆ ತಳ್ಳಿದರೆ ನೆಲ ಗಳವನ್ನು ಮುಂದಕ್ಕೆ ತಳ್ಳುತ್ತದೆ, ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ಇರುವುದರಿಂದ ಒಂದನ್ನೊಂದು ರದ್ದು ಮಾಡುವುದಿಲ್ಲ. ಪುಸ್ತಕದ ಬಂದೂಕಿನ ಉದಾಹರಣೆಗಿಂತ ಇದು ಬೇಗ ತಲುಪಿತು. ಬಂದೂಕು ಹಾರಿಸಿದವರು ಆ ತರಗತಿಯಲ್ಲಿ ಯಾರಿದ್ದರು?

ಆಮೇಲೆ ಸೇತುವೆಯ ಕಥೆ ಹೇಳಿ, ಎರಡು ಇಸವಿಗಳನ್ನು ಮಾತ್ರ ಬರೆದು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬಳು ಕಳೆದು ನೋಡಿದಳು: "22 ವರ್ಷ! ಸತ್ತ ಮೇಲೆ ಕಟ್ಟಿದ್ರಾ?" ತರಗತಿ ನಕ್ಕಿತು. ನಗು ನಿಲ್ಲುವ ಮೊದಲೇ ಅವಳ ಮುಂದಿನ ಪ್ರಶ್ನೆ: "ಹಾಗಾದ್ರೆ ಸೇಬು ಬಿದ್ದಿದ್ದೂ ಸುಳ್ಳಾ?"

ಇದು ಪಾಠಯೋಜನೆಯಲ್ಲಿ ಇರಲಿಲ್ಲ. ಸೇಬು ಬೀಳುವುದನ್ನು ಕಂಡು ಯೋಚಿಸಿದ್ದಾಗಿ ನ್ಯೂಟನ್ ತನ್ನ ಮುಪ್ಪಿನಲ್ಲಿ, 1726ರಲ್ಲಿ, ಸ್ಟೂಕ್ಲಿ ಎಂಬ ಗೆಳೆಯನಿಗೆ ಹೇಳಿದ್ದನ್ನು ಆ ಗೆಳೆಯ ಬರೆದಿಟ್ಟಿದ್ದಾನೆ; ತಲೆಯ ಮೇಲೆ ಬಿತ್ತು ಎನ್ನುವುದು ಅದರಲ್ಲಿಲ್ಲ, ಎಂದೆ. "ಮತ್ತೆ ತಲೆ ಮೇಲೆ ಹಾಕಿದ್ದು ಯಾರು ಮಿಸ್?" ಎಂದಳು. ಗಂಟೆ ಹೊಡೆಯಿತು. ಮರುದಿನ ಮೂವರು ಪೊರಕೆ ಕಡ್ಡಿಯ ಕಮಾನು ಕಟ್ಟಿ ತಂದಿದ್ದರು, ಎಲ್ಲ ಕಡ್ಡಿಗಳೂ ನೇರ. ಕೀಲುಗಳಿಗೆ ದಾರ ಸುತ್ತಿದ್ದರು.